ಸೆರೆಮನೆಯ ಸುಧಾರಣೆಯೂ ಸಂಬಳವಿಲ್ಲದ ಉಮೇದುವಾರಿಯೂ

ಸರಕಾರಿ ಕಚೇರಿಗಳಲ್ಲಿ ಉಮೇದುವಾರರೆಂಬ ಒಂದು ವರ್ಗವಿದ್ದುದನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ತಮ್ಮ ತಂದೆ ತಾತಂದಿರ ಬಾಯಿಂದ ಕೇಳಿರಬಹುದು. ಪರೀಕ್ಷೆಯನ್ನು ದಾಟಿದ ಹುಡುಗನು ಅಮಲ್ದಾರರ ಕಚೇರಿಯ ಮೂಲೆಯಲ್ಲಿ ಕುಳಿತು, ದಫ್ತರಗಳನ್ನು ಬಿಚ್ಚಿ ಕಟ್ಟುತ್ತ, ಕಾಗದಗಳ ನಕಲು ತೆಗೆಯುತ್ತ, ಒಂದು ಕಾಸಿನ ಸಂಬಳವೂ ಇಲ್ಲದೆ ವರ್ಷಗಟ್ಟಲೆ ಕೆಲಸ ಕಲಿಯುತ್ತಿದ್ದನು. ಎಂದಾದರೊಂದು ದಿನ ಜಾಗವು ಖಾಲಿಯಾದೀತು, ಶಿರಸ್ತೇದಾರರ ಕೃಪೆಯಾದೀತು ಎಂಬ ಉಮೇದೇ ಅವನಿಗೆ ಸಂಬಳ. ಮನೆಯಲ್ಲಿ ಗದ್ದೆ ತೋಟವುಳ್ಳವನು ಕಾದನು. ಇಲ್ಲದವನು ಕಾಯಲಾರದೆ ಊರಿಗೆ ಹಿಂದಿರುಗಿದನು. ಎರಡೂ ಆಗದೆ ನಡುವೆ ಸಿಕ್ಕವನು ಅರ್ಜಿದಾರರ ಕೈಯಿಂದ ನಾಲ್ಕಾಣೆ ಎಂಟಾಣೆ ಈಸಿಕೊಂಡು ಹೊಟ್ಟೆ ಹೊರೆದನು. ಆ ಪದ್ಧತಿಯು ಅಳಿದುಹೋಯಿತೆಂದು ನಾವು ಸಮಾಧಾನಪಟ್ಟಿದ್ದೆವು. ಅದು ಅಳಿದಿಲ್ಲವೆಂದೂ, ಇಂಟರ್ನ್‌ಶಿಪ್ ಎಂಬ ಹೊಸ ಹೆಸರನ್ನು ಧರಿಸಿ ಜಗತ್ತಿನ ಅತ್ಯುನ್ನತ ಸೌಧಗಳಲ್ಲಿಯೇ ನೆಲೆಸಿದೆಯೆಂದೂ ಈಚೆಗೆ ನಮಗೆ ತಿಳಿಯುವಂತಾಯಿತು.

ತಿಳಿದ ಬಗೆ ಹೀಗೆ. ಕೆಲವು ತಿಂಗಳ ಹಿಂದೆ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿರುವ, ನಮ್ಮ ಪತ್ರಿಕೆಯ ಹಳೆಯ ಚಂದಾದಾರರೊಬ್ಬರು ತಮ್ಮ ಮಗಳೊಡನೆ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಆ ಕುಮಾರಿಯು ನ್ಯಾಯಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿ. ಸೆರೆಮನೆಗಳ ಸುಧಾರಣೆಯಲ್ಲಿ ಆಸಕ್ತಿಯುಳ್ಳವಳು. ಯುದ್ಧದಿಂದ ನೊಂದ ರಾಷ್ಟ್ರಗಳಲ್ಲಿ ನ್ಯಾಯಾಲಯ, ಸೆರೆಮನೆಗಳನ್ನು ಮತ್ತೆ ಕಟ್ಟುವ ಕೆಲಸವನ್ನು ಕೈಕೊಂಡಿರುವ ವಿದೇಶದ ಒಂದು ಸಂಸ್ಥೆಯು ಆಕೆಯನ್ನು ಆರು ತಿಂಗಳ ಕಾಲ ಶಿಕ್ಷಾರ್ಥಿಯಾಗಿ ಬರಮಾಡಿಕೊಳ್ಳಲು ಒಪ್ಪಿತ್ತು. ಪ್ರಯಾಣ, ವಸತಿ, ಊಟ, ವಿಮೆ ಎಲ್ಲವೂ ಶಿಕ್ಷಾರ್ಥಿಯದೇ. ತಂದೆಯು ಆ ಕಾಗದವನ್ನು ನಮ್ಮ ಮೇಜಿನ ಮೇಲಿಟ್ಟು, “ಸ್ವಾಮೀ, ಕೆಲಸವು ದೊಡ್ಡದು, ಹೆಸರೂ ದೊಡ್ಡದು. ಸಂಬಳವೆಷ್ಟೆಂದು ಹುಡುಕಿದರೆ ಸೊನ್ನೆಯನ್ನು ಸಹ ಬರೆದಿಲ್ಲ. ಮನೆಯನ್ನು ಅಡವಿಟ್ಟು ಕಳುಹಿಸಲೇ, ಬೇಡವೇ? ತಾವೇ ಒಂದು ಮಾತು ಹೇಳಬೇಕು” ಎಂದರು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಆ ದಿನ ನಮಗೆ ಉತ್ತರವು ತೋಚಲಿಲ್ಲ. ಇಂದು ಬರೆಯುತ್ತಿರುವುದು ಆ ಉತ್ತರವನ್ನೇ. ನಾಡಿನ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆಯು ಎದ್ದಿರುವುದರಿಂದ ಅದನ್ನು ಬಹಿರಂಗವಾಗಿ ಬರೆಯುವುದು ಯುಕ್ತವೆಂದು ಭಾವಿಸಿದ್ದೇವೆ.

ಶಾಂತಿಸೇನೆಯ ಹಿಂದೆ ನಡೆಯುವ ಕೆಲಸ

ಶಾಂತಿಸೇನೆಯೆಂದೊಡನೆ ನೀಲಿ ಶಿರಸ್ತ್ರಾಣದ ಸೈನಿಕನೊಬ್ಬನ ಚಿತ್ರವು ನಮ್ಮ ಕಣ್ಣಿಗೆ ಕಟ್ಟುತ್ತದೆ. ಸಂಯುಕ್ತ ರಾಷ್ಟ್ರಸಂಘದ ಮೊದಲನೆಯ ಶಾಂತಿಪಾಲನಾ ಕಾರ್ಯವು 1948ರಲ್ಲಿ ಪ್ಯಾಲೆಸ್ತೀನಿನ ಯುದ್ಧವಿರಾಮವನ್ನು ನೋಡಿಕೊಳ್ಳಲು ಹೊರಟಾಗ, ಆ ಚಿತ್ರವು ಹೆಚ್ಚು ಕಡಿಮೆ ಸರಿಯಾಗಿಯೇ ಇದ್ದಿತು. ಎರಡು ಸೈನ್ಯಗಳ ನಡುವೆ ನಿಂತು ಗುಂಡು ಹಾರದಂತೆ ನೋಡಿಕೊಳ್ಳುವುದೇ ಅಂದಿನ ಕೆಲಸ. ಅನಂತರದ ದಶಕಗಳಲ್ಲಿ ಯುದ್ಧಗಳು ರಾಷ್ಟ್ರರಾಷ್ಟ್ರಗಳ ನಡುವಿನಿಂದ ರಾಷ್ಟ್ರಗಳ ಒಳಗೇ ಹೊಕ್ಕವು. ಒಂದೇ ಬೀದಿಯ ಎರಡು ಬದಿಯವರು ಕಾದಾಡಿದ ಮೇಲೆ ಶಾಂತಿಯನ್ನು ಸ್ಥಾಪಿಸಬೇಕಾದರೆ ಸೈನಿಕನೊಬ್ಬನೇ ಸಾಲನು. ಕೊಲೆಗಾರನನ್ನು ಹಿಡಿಯಲು ಪೋಲೀಸರು ಬೇಕು. ವಿಚಾರಿಸಲು ನ್ಯಾಯಾಧೀಶರು ಬೇಕು. ತೀರ್ಪಾದ ಮೇಲೆ ಇರಿಸಲು ಸೆರೆಮನೆಯೂ ಬೇಕು. ಇವುಗಳಲ್ಲಿ ಒಂದು ಕೊಂಡಿಯು ಕಳಚಿದರೂ ಜನರು ತಮ್ಮ ನ್ಯಾಯವನ್ನು ತಾವೇ ಕತ್ತಿಯಿಂದ ತೀರಿಸಿಕೊಳ್ಳಲು ಹೊರಡುವರು. ಈ ಕಾರಣದಿಂದಲೇ 2007ರಲ್ಲಿ ಸಂಘದ ಶಾಂತಿಪಾಲನಾ ಇಲಾಖೆಯೊಳಗೆ ಕಾನೂನಿನ ಆಳ್ವಿಕೆಗೆಂದು ಪ್ರತ್ಯೇಕವಾದೊಂದು ಕಾರ್ಯಾಲಯವನ್ನು ರಚಿಸಿ, ನ್ಯಾಯ ಮತ್ತು ಕಾರಾಗೃಹಗಳ ಶಾಖೆಯನ್ನು ಅದರಡಿ ಇರಿಸಿದರು.

ಈ ಶಾಖೆಗಳಲ್ಲಿ ತರುಣ ಶಿಕ್ಷಾರ್ಥಿಯು ಮಾಡುವ ಕೆಲಸದಲ್ಲಿ ವೀರರಸವೇನೂ ಇಲ್ಲ. ದೂರದ ಠಾಣೆಗಳಿಂದ ಬಂದ ವರದಿಗಳನ್ನು ಓದಿ ಸಾರಾಂಶವನ್ನು ಬರೆಯುವುದು, ಒಂದು ದೇಶದ ಕಾರಾಗೃಹ ನಿಯಮಗಳನ್ನು ಮತ್ತೊಂದರೊಡನೆ ಹೋಲಿಸಿ ಪಟ್ಟಿ ಮಾಡುವುದು, ಸಭೆಗಳ ಟಿಪ್ಪಣಿಗಳನ್ನು ತೆಗೆದುಕೊಳ್ಳುವುದು, ಹೀಗೆ ನಮ್ಮ ಹಳೆಯ ಉಮೇದುವಾರನ ಕೆಲಸವೇ. ಆದರೆ ಆ ವರದಿಗಳ ಹಿಂದಿರುವ ವಿಷಯವು ಎಂಥದೆಂಬುದನ್ನು ವಾಚಕರು ಅರಿಯಬೇಕು. ದಕ್ಷಿಣ ಸುಡಾನಿನ ಸೆರೆಮನೆಗಳಲ್ಲಿ, ಯಾವ ಅಪರಾಧವನ್ನೂ ಮಾಡದ ಬುದ್ಧಿವಿಕಲರನ್ನು ಬೇರೆ ಆಶ್ರಯವಿಲ್ಲವೆಂಬ ಒಂದೇ ಕಾರಣಕ್ಕೆ ಸರಪಳಿ ಹಾಕಿ ಇರಿಸಿದ್ದ ಸಂಗತಿಯು 2012ರಲ್ಲಿ ಲೋಕಕ್ಕೆ ತಿಳಿಯಿತು. ಕಾಂಗೋ ದೇಶದ ರಾಜಧಾನಿಯಾದ ಕಿನ್ಶಾಸಾದಲ್ಲಿ ಮಕಾಲಾ ಎಂಬ ಸೆರೆಮನೆಯುಂಟು. ಅದನ್ನು ಕಟ್ಟಿದ್ದು 1,500 ಜನರಿಗೆಂದು. 2024ರ ಸೆಪ್ಟೆಂಬರಿನಲ್ಲಿ ಅದರೊಳಗಿದ್ದವರು ಹನ್ನೆರಡು ಸಾವಿರಕ್ಕೂ ಮೇಲ್ಪಟ್ಟು. ಅವರಲ್ಲಿ ಬಹುಪಾಲು ವಿಚಾರಣೆಯೇ ಆಗದವರು. ಆ ತಿಂಗಳ 2ರಂದು ನಸುಕಿನಲ್ಲಿ ತಪ್ಪಿಸಿಕೊಳ್ಳಲು ಯತ್ನಿಸಿದವರ ನೂಕುನುಗ್ಗಲಿನಲ್ಲಿಯೂ, ಕಾವಲುಗಾರರ ಗುಂಡಿಗೂ ಸಿಕ್ಕಿ 129 ಜನರು ಸತ್ತರೆಂದು ಅಲ್ಲಿನ ಸರಕಾರವೇ ಒಪ್ಪಿಕೊಂಡಿತು. ಅದೇ ವರ್ಷದ ಮಾರ್ಚಿಯಲ್ಲಿ ಹೈಟಿಯ ರಾಜಧಾನಿಯ ಸೆರೆಮನೆಯನ್ನು ಸಶಸ್ತ್ರ ತಂಡಗಳು ಒಡೆದು ಸಾವಿರಾರು ಬಂದಿಗಳನ್ನು ಹೊರಬಿಟ್ಟವು. ಕೆಲವು ವಾರಗಳಲ್ಲಿ ಆ ದೇಶದ ಪ್ರಧಾನಿಯೇ ಅಧಿಕಾರವನ್ನು ಬಿಡಬೇಕಾಯಿತು. ಸೆರೆಮನೆಯು ಕುಸಿದರೆ ಸರಕಾರವೂ ಕುಸಿಯಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಕಿಲ್ಲ.

ಶಾಂತಿಸೇನೆಯೇ ನಿರ್ದೋಷಿಯೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅದೇ ಹೈಟಿಯಲ್ಲಿ 2010ರಲ್ಲಿ ಶಾಂತಿಸೈನಿಕರ ಶಿಬಿರದ ಮಲಿನವು ನದಿಗೆ ಸೇರಿ ಕಾಲರಾ ಹಬ್ಬಿ ಸಾವಿರಾರು ಜನರು ಮೃತರಾದರು. ಸಂಘದ ಮಹಾಕಾರ್ಯದರ್ಶಿಗಳು ಆ ಜನತೆಯ ಕ್ಷಮೆಯನ್ನು ಕೇಳಲು 2016ರ ಡಿಸೆಂಬರಿನವರೆಗೆ ಕಾಲ ಹಿಡಿಯಿತು. ತಪ್ಪು ಮಾಡುವ ಸಂಸ್ಥೆಯೊಳಗೆ ತಪ್ಪನ್ನು ತಪ್ಪೆಂದು ಬರೆದಿಡುವ ಪ್ರಾಮಾಣಿಕ ತರುಣರು ಬೇಕು. ಆ ತರುಣರು ಯಾವ ಮನೆಗಳಿಂದ ಬರುವರೆಂಬುದೇ ನಮ್ಮ ಈ ಲೇಖನದ ಪ್ರಶ್ನೆ.

ಕೊಡಗಿನ ವೀರನೂ ಕೊರಿಯದ ಬಂದಿಗಳೂ

ಈ ಕೆಲಸವು ನಮಗೆ ಪರಕೀಯವೆಂದು ಹೇಳುವವರಿಗೆ ಒಂದು ಪ್ರಸಂಗವನ್ನು ನೆನಪಿಸಬಯಸುತ್ತೇವೆ. 1953ರಲ್ಲಿ ಕೊರಿಯದ ಯುದ್ಧವು ನಿಂತಿತು. ಆದರೆ ಅದನ್ನು ಬಹುಕಾಲ ನಿಲ್ಲಗೊಡದಿದ್ದ ತೊಡಕು ಯುದ್ಧಬಂದಿಗಳದಾಗಿತ್ತು. ತಮ್ಮ ದೇಶಕ್ಕೆ ಹಿಂದಿರುಗಲು ಒಲ್ಲೆವೆಂದ ಬಂದಿಗಳನ್ನು ಏನು ಮಾಡಬೇಕು? ಕೊನೆಗೆ ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ಏರ್ಪಟ್ಟಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಇವುಗಳ ಪ್ರತಿನಿಧಿಗಳ ನಡುವೆ ಅಧ್ಯಕ್ಷಪೀಠದಲ್ಲಿ ಕುಳಿತವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಬಂದಿಗಳ ಕಾವಲಿಗೆ ಹೋದ ಭಾರತೀಯ ಪಡೆಯ ನಾಯಕರು ಕೊಲ್ಹಾಪುರದ ಸೀಮೆಯ ಮೇಜರ್ ಜನರಲ್ ಥೋರಾತರು. ದಕ್ಷಿಣ ಕೊರಿಯದ ಸರಕಾರವು ನಮ್ಮ ಸೈನಿಕರು ತನ್ನ ನೆಲವನ್ನು ತುಳಿಯಕೂಡದೆಂದು ಹಟ ಹಿಡಿದುದರಿಂದ, ಅವರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ನಿಸ್ಸೇನಾ ವಲಯದಲ್ಲಿ ಇಳಿಸಬೇಕಾಯಿತು.

ಅವರ ವಶಕ್ಕೆ ಬಂದವರು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯದ ಬಂದಿಗಳು. ಇನ್ನೊಂದು ಪಕ್ಷದಿಂದ ಬಂದವರು ಕೆಲವು ನೂರು. ಪ್ರತಿಯೊಬ್ಬನಿಗೂ ಅವನ ದೇಶದವರು ಬಂದು ವಿಷಯವನ್ನು ತಿಳಿಸಿಹೇಳಬೇಕು, ಅವನು ಭಯವಿಲ್ಲದೆ ತನ್ನ ಇಚ್ಛೆಯನ್ನು ನುಡಿಯಬೇಕು, ಇದು ಒಪ್ಪಂದ. ಆದರೆ ಬಂದಿಗಳ ಆವರಣಗಳ ಒಳಗೆ ಅವರವರದೇ ಗುಂಪುಗಳ ದಬ್ಬಾಳಿಕೆಯಿತ್ತು. ಸೆಪ್ಟೆಂಬರಿನಲ್ಲಿ ಒಂದು ದಿನ ಬಂದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ಒಳಗೆಳೆದು ಒತ್ತೆಯಾಗಿ ಹಿಡಿದರು. ಗುಂಡು ಹಾರಿಸಿದ್ದರೆ ರಕ್ತದ ಹೊಳೆಯೇ ಹರಿಯುತ್ತಿತ್ತು. ಥೋರಾತರು ಸ್ವತಃ ಆ ಕೆರಳಿದ ಆವರಣದೊಳಗೆ ಹೊಕ್ಕು, ಮಾತಿನಿಂದಲೇ ಆ ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಮುಂದೆ ಕೆಲವು ಸಂದರ್ಭಗಳಲ್ಲಿ ನಮ್ಮವರ ಗುಂಡಿಗೆ ಬಂದಿಗಳು ಬಲಿಯಾದುದೂ ಉಂಟು. ಅದನ್ನು ಮುಚ್ಚಿಡುವುದು ಸಲ್ಲದು. ತಿಳಿಸಿಹೇಳುವ ಕಾರ್ಯವು ಪೂರ್ಣವಾಗದಿದ್ದರೂ, ಒಪ್ಪಂದದ ಗಡುವು ಮುಗಿದಾಗ, 1954ರ ಜನವರಿಯಲ್ಲಿ, ಉಳಿದ ಬಂದಿಗಳನ್ನು ಅವರನ್ನು ಒಪ್ಪಿಸಿದವರಿಗೇ ಹಿಂದಕ್ಕೊಪ್ಪಿಸಿ ಭಾರತೀಯರು ಮರಳಿದರು. ಎರಡು ಪಕ್ಷಗಳ ಪೈಕಿ ಯಾವುದೂ ಬೇಡವೆಂದ ಕೆಲವು ಹತ್ತು ಬಂದಿಗಳು ನಮ್ಮ ಸೈನಿಕರೊಡನೆ ಹಡಗು ಹತ್ತಿ ಭಾರತಕ್ಕೇ ಬಂದರು. ಸ್ವತಂತ್ರವಾಗಿ ಏಳು ವರ್ಷವೂ ತುಂಬದ ರಾಷ್ಟ್ರವು ಎರಡು ಮಹಾಶಕ್ತಿಗಳ ನಡುವೆ ಬಂದಿಯ ಇಚ್ಛೆಗೆ ಕಾವಲು ನಿಂತಿತು. ತಿಮ್ಮಯ್ಯನವರು ಮುಂದೆ 1964ರಲ್ಲಿ ಸೈಪ್ರಸ್ ದ್ವೀಪದ ಶಾಂತಿಸೇನೆಯ ನಾಯಕರಾಗಿ ಹೋಗಿ, 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಕಾಲವಾದರು. ಈ ಪರಂಪರೆಯು 2007ರಲ್ಲಿ ಲೈಬೀರಿಯಾಕ್ಕೆ ಹೋದ ನಮ್ಮ ಮಹಿಳಾ ಪೋಲೀಸ್ ಪಡೆಯವರೆಗೆ ಬೆಳೆದು ಬಂದಿದೆ. ಶಾಂತಿಪಾಲನೆಗೆ ಪ್ರಾಣವನ್ನಿತ್ತ ರಾಷ್ಟ್ರಗಳಲ್ಲಿ ಭಾರತವು ಮುಂಚೂಣಿಯಲ್ಲಿದೆ. ಸೈನಿಕರನ್ನು ಕೊಟ್ಟ ನಾಡು ಮೇಜಿನ ಬಳಿ ಕುಳಿತು ನಿಯಮಗಳನ್ನು ಬರೆಯುವವರನ್ನೂ ಕೊಡಬೇಡವೇ?

ಬಂದಿಯ ಹಕ್ಕು

ಸ್ವಾತಂತ್ರ್ಯಕ್ಕಾಗಿ ಹೋರಾಡಿದ ನಮ್ಮ ಪೀಳಿಗೆಯ ಹಿರಿಯರಿಗೆ ಸೆರೆಮನೆಯೇನೂ ಅಪರಿಚಿತವಾಗಿರಲಿಲ್ಲ. 1929ರಲ್ಲಿ ಲಾಹೋರಿನ ಸೆರೆಯಲ್ಲಿ ಜತೀಂದ್ರನಾಥ ದಾಸರು 63 ದಿನಗಳ ಉಪವಾಸದಿಂದ ದೇಹವನ್ನು ತ್ಯಜಿಸಿದ್ದು ಬಂದಿಗೂ ಮನುಷ್ಯನ ಮರ್ಯಾದೆ ಸಲ್ಲಬೇಕೆಂಬ ಬೇಡಿಕೆಗಾಗಿ. ಆ ತ್ಯಾಗದ ಮೇಲೆ ನಿಂತ ರಾಷ್ಟ್ರವು ಅಧಿಕಾರಕ್ಕೆ ಬಂದ ಮೇಲೆ ತನ್ನ ಸೆರೆಮನೆಗಳನ್ನು ಮೊದಲು ತಿದ್ದಬೇಕಾಗಿತ್ತು. ಆದರೆ 1894ರ ಕಾಯಿದೆಯ ಅಚ್ಚಿನಲ್ಲಿಯೇ ನಮ್ಮ ಕಾರಾಗೃಹಗಳು ಒಂದು ಶತಮಾನಕ್ಕೂ ಮೀರಿ ನಡೆದುವು. ಶಿಕ್ಷೆಯ ಉದ್ದೇಶವು ಬಂದಿಯನ್ನು ತಿದ್ದುವುದೆಂದು 1919–20ರ ಜೈಲು ಸಮಿತಿಯೇ ಹೇಳಿತ್ತು. 1980ರ ದಶಕದ ಮುಲ್ಲಾ ಸಮಿತಿಯೂ ಅದನ್ನೇ ಹೇಳಿತು. ಸಮಿತಿಗಳ ವರದಿಗಳು ಕಪಾಟುಗಳಲ್ಲಿ ಸೆರೆಯಾಗಿ ಉಳಿದವು.

ಜಗತ್ತಿನ ಮಟ್ಟದಲ್ಲಿ, 1955ರಲ್ಲಿ ಜಿನೀವಾ ಸಮ್ಮೇಳನವು ಬಂದಿಗಳ ಉಪಚಾರಕ್ಕೆ ಕನಿಷ್ಠ ನಿಯಮಗಳನ್ನು ರಚಿಸಿತು. ಅರುವತ್ತು ವರ್ಷಗಳ ಮೇಲೆ, 2015ರ ಡಿಸೆಂಬರ್ 17ರಂದು, ಸಂಯುಕ್ತ ರಾಷ್ಟ್ರಸಂಘದ ಮಹಾಸಭೆಯು ಅವುಗಳನ್ನು ತಿದ್ದಿ, 27 ವರ್ಷಗಳನ್ನು ಸೆರೆಯಲ್ಲಿ ಕಳೆದ ನೆಲ್ಸನ್ ಮಂಡೇಲಾ ಅವರ ಹೆಸರನ್ನಿಟ್ಟಿತು. ಈ ನಿಯಮಗಳು 122. ಇವುಗಳ ತಿರುಳೇನೆಂದರೆ, ಸ್ವಾತಂತ್ರ್ಯವನ್ನು ಕಳೆದುಕೊಂಡುದೇ ಬಂದಿಗೆ ಶಿಕ್ಷೆ. ಅದರ ಮೇಲೆ ಹಸಿವು, ಕೊಳೆ, ಏಟು, ಅವಮಾನಗಳನ್ನು ಹೇರುವ ಅಧಿಕಾರವು ಯಾರಿಗೂ ಇಲ್ಲ. ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಕಾಲ ಮನುಷ್ಯಸಂಪರ್ಕವಿಲ್ಲದೆ ಒಬ್ಬಂಟಿಯಾಗಿಡುವುದನ್ನು ಒಂದೇ ಸಮನೆ 15 ದಿನಗಳಿಗೆ ಮೀರಿ ಮುಂದುವರಿಸಕೂಡದೆಂದು ಅವು ವಿಧಿಸುತ್ತವೆ. ನಮ್ಮ ಸೆರೆಮನೆಗಳ ಸ್ಥಿತಿಯನ್ನು ಈ ಅಳತೆಗೋಲಿನಿಂದ ಅಳೆದರೆ ತಲೆ ತಗ್ಗಿಸಬೇಕಾಗುತ್ತದೆ. ಸರಕಾರದ ಲೆಕ್ಕದಂತೆ 2022ರ ಕೊನೆಯಲ್ಲಿ ಭಾರತದ 1,330 ಸೆರೆಮನೆಗಳಲ್ಲಿ 4,36,266 ಜನರಿಗೆ ಸ್ಥಳವಿದ್ದಿತು, ಇದ್ದವರು 5,73,220. ಇವರಲ್ಲಿ 4,34,302 ಜನರು, ಎಂದರೆ ನಾಲ್ವರಲ್ಲಿ ಮೂವರು, ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದವರು. ಕಿನ್ಶಾಸಾದ ಸೆರೆಮನೆಯನ್ನು ಕಂಡು ಮರುಗುವ ನಾವು ಈ ಅಂಕೆಯನ್ನು ಕಂಡು ಏನೆನ್ನಬೇಕು?

ಕರ್ನಾಟಕದ ಮಾತನ್ನೂ ಹೇಳಿಬಿಡುತ್ತೇವೆ. ಬೆಂಗಳೂರಿನ ಇಂದಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅಡ್ಡಾಡುವ ನಾಗರಿಕರು, ಆ ನೆಲದ ಮೇಲಿದ್ದ ಕೇಂದ್ರ ಕಾರಾಗೃಹದಲ್ಲಿ 1976ರಲ್ಲಿ ಸ್ನೇಹಲತಾ ರೆಡ್ಡಿಯವರು ಉಬ್ಬಸದಿಂದ ನರಳುತ್ತ ತಿಂಗಳುಗಳನ್ನು ಕಳೆದರೆಂಬುದನ್ನೂ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ 1977ರ ಜನವರಿಯಲ್ಲಿ ತೀರಿಕೊಂಡರೆಂಬುದನ್ನೂ ನೆನೆಯಬೇಕು. ಅದೇ ಊರಿನ ಸೆರೆಯಿಂದ ಬಂದಿಯೊಬ್ಬನು ಭಾರತದ ಮುಖ್ಯ ನ್ಯಾಯಾಧೀಶರಿಗೆ ಬರೆದ ಕಾಗದವೊಂದನ್ನೇ ಅರ್ಜಿಯೆಂದು ಪರಿಗಣಿಸಿ, ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ರಾಮಮೂರ್ತಿ ವಿರುದ್ಧ ಕರ್ನಾಟಕ ಸರಕಾರ ಎಂಬ ತೀರ್ಪನ್ನಿತ್ತಿತು. ಕಿಕ್ಕಿರಿತ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಉಪೇಕ್ಷೆ, ಅನ್ನವಸ್ತ್ರಗಳ ಕೊರತೆ ಮೊದಲಾದ ಒಂಬತ್ತು ರೋಗಗಳನ್ನು ಆ ತೀರ್ಪು ಎಣಿಸಿತು. 2024ರ ಅಕ್ಟೋಬರಿನಲ್ಲಿ, ಪತ್ರಕರ್ತೆಯೊಬ್ಬರ ಅರ್ಜಿಯ ಮೇಲೆ, ಸೆರೆಮನೆಗಳಲ್ಲಿ ಜಾತಿಯನ್ನು ನೋಡಿ ಕಸಗುಡಿಸುವ, ಅಡಿಗೆಯ ಕೆಲಸಗಳನ್ನು ಹಂಚುವ ನಿಯಮಗಳನ್ನು ಅದೇ ನ್ಯಾಯಾಲಯವು ರದ್ದುಗೊಳಿಸಿ, ಬಂದಿಗಳ ದಾಖಲೆಯಿಂದ ಜಾತಿಯ ಅಂಕಣವನ್ನು ತೆಗೆಯಬೇಕೆಂದು ಆಜ್ಞಾಪಿಸಿತು. ಸಂವಿಧಾನವು ಜಾರಿಗೆ ಬಂದು ಎಪ್ಪತ್ತನಾಲ್ಕು ವರ್ಷಗಳಾದ ಮೇಲೆ!

ಸಂಬಳವಿಲ್ಲದಿದ್ದರೆ ತೆರುವವರು ಯಾರು?

ಈಗ ಗುಮಾಸ್ತರ ಪ್ರಶ್ನೆಗೆ ಬರೋಣ. ಸಂಯುಕ್ತ ರಾಷ್ಟ್ರಸಂಘದ ಸಚಿವಾಲಯವು ತನ್ನ ಶಿಕ್ಷಾರ್ಥಿಗಳಿಗೆ ವೇತನವನ್ನು ಕೊಡದಿರುವುದು ದೀರ್ಘಕಾಲದ ಪದ್ಧತಿ. 2015ರಲ್ಲಿ ನ್ಯೂಜಿಲೆಂಡಿನ ತರುಣನೊಬ್ಬನು ಜಿನೀವಾದಲ್ಲಿ ಬಾಡಿಗೆಯನ್ನು ತೆರಲಾರದೆ ಡೇರೆಯಲ್ಲಿ ಮಲಗುತ್ತಿದ್ದ ಸುದ್ದಿಯು ಪತ್ರಿಕೆಗಳಲ್ಲಿ ಬಂದು ದೊಡ್ಡ ಗುಲ್ಲಾಯಿತು. ಈ ಅನ್ಯಾಯದ ಕಡೆಗೆ ಲೋಕದ ಗಮನವನ್ನು ಸೆಳೆಯಲೆಂದೇ ಹಾಗೆ ಮಾಡಿದೆನೆಂದು ಆತನು ಅನಂತರ ಹೇಳಿ, ಕೆಲಸವನ್ನು ಬಿಟ್ಟನು. ಮನುಷ್ಯರೆಲ್ಲರ ಸಮಾನತೆಯನ್ನು ಸಾರುವ ಮಂದಿರದ ಬಾಗಿಲಲ್ಲಿ ಹಣದ ಕಾವಲಿರುವುದು ಆ ಡೇರೆಯಿಂದ ಎಲ್ಲರಿಗೂ ಕಂಡಿತು.

ಸೆರೆಮನೆ ಸುಧಾರಣೆಯ ಇತಿಹಾಸವನ್ನು ಬಲ್ಲವರು ಈ ಪದ್ಧತಿಯನ್ನು ಒಪ್ಪಲಾರರು. ಆ ಸುಧಾರಣೆಯು ಆರಂಭವಾದುದೇ ಸಂಬಳದ ಪ್ರಶ್ನೆಯಿಂದ. 1773ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಪ್ರಾಂತದ ಷೆರೀಫನಾದ ಜಾನ್ ಹವರ್ಡನು ತನ್ನ ಸೆರೆಮನೆಯನ್ನು ನೋಡಲು ಹೋದಾಗ, ನಿರಪರಾಧಿಗಳೆಂದು ತೀರ್ಪಾದವರೂ ಒಳಗೇ ಕೊಳೆಯುತ್ತಿದ್ದುದನ್ನು ಕಂಡನು. ಕಾರಣವೇನೆಂದು ವಿಚಾರಿಸಲಾಗಿ, ಅವರು ಜೈಲರನ ಶುಲ್ಕವನ್ನು ತೆತ್ತಿರಲಿಲ್ಲ. ಜೈಲರನಿಗೆ ಸರಕಾರದ ಸಂಬಳವಿರಲಿಲ್ಲ. ಬಂದಿಗಳಿಂದ ವಸೂಲಿ ಮಾಡಿದ ಶುಲ್ಕವೇ ಅವನ ಜೀವನ. ಜೈಲರನಿಗೆ ಸಂಬಳ ಕೊಡಿರೆಂದು ಹವರ್ಡನು ಕೇಳಿದನು. ಅಧಿಕಾರಿಗಳು, ಬೇರೆ ಪ್ರಾಂತಗಳಲ್ಲಿ ಹಾಗೆ ಕೊಟ್ಟ ಪೂರ್ವನಿದರ್ಶನವಿದ್ದರೆ ತೋರಿಸು ಎಂದರು. ನಿದರ್ಶನವನ್ನು ಹುಡುಕಲು ಹೊರಟ ಆತನು ನಿದರ್ಶನಕ್ಕೆ ಬದಲಾಗಿ ಊರೂರಿನಲ್ಲಿಯೂ ಅದೇ ಅನ್ಯಾಯವನ್ನು ಕಂಡು, ಕಂಡುದನ್ನೆಲ್ಲ ಬರೆದು 1777ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಯೂರೋಪಿನ ಸೆರೆಮನೆಗಳನ್ನೆಲ್ಲ ಸುತ್ತಿ 1790ರಲ್ಲಿ ಖೆರ್ಸೋನಿನಲ್ಲಿ ಜ್ವರದಿಂದ ಸತ್ತನು. ಸೇವಕನಿಗೆ ಸಂಬಳವಿಲ್ಲವೆಂದರೆ ಸೇವೆಯು ಪುಕ್ಕಟೆಯಾಗುವುದಿಲ್ಲ. ಆ ಖರ್ಚನ್ನು ಬೇರೊಬ್ಬನು ತೆರುತ್ತಾನೆ. ಹವರ್ಡನ ಕಾಲದಲ್ಲಿ ಬಂದಿಯು ತೆತ್ತನು. ಅಮಲ್ದಾರರ ಕಚೇರಿಯಲ್ಲಿ ಅರ್ಜಿದಾರನು ತೆತ್ತನು. ಇಂದು ನಮ್ಮ ಗುಮಾಸ್ತರ ಮನೆಯು ತೆರಬೇಕಾಗಿ ಬಂದಿದೆ.

ಸೇವೆಗೆ ಸಂಬಳವನ್ನು ಬಯಸುವುದು ದೇಶಭಕ್ತರ ಲಕ್ಷಣವಲ್ಲ, ನಮ್ಮ ಹಿರಿಯರು ಸಂಬಳವನ್ನು ಕೇಳಿ ಸೆರೆಗೆ ಹೋದರೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ನಾವು ಗೌರವಿಸುತ್ತೇವೆ, ಒಪ್ಪಲಾರೆವು. ಹುಬ್ಬಳ್ಳಿಯ ಡಾ. ಹರ್ಡೀಕರರ ಸೇವಾದಳದ ಸ್ವಯಂಸೇವಕನು ಸಂಬಳವಿಲ್ಲದೆ ದುಡಿದನು, ನಿಜ. ಆದರೆ ಅವನು ಹೋದ ಹಳ್ಳಿಯಲ್ಲಿ ಒಂದು ಮನೆಯವರು ರೊಟ್ಟಿಯನ್ನು ಕೊಟ್ಟರು, ಇನ್ನೊಂದು ಮನೆಯವರು ಮಲಗಲು ಜಗುಲಿಯನ್ನು ಕೊಟ್ಟರು. ನಾಡೇ ಅವನನ್ನು ಸಲಹಿತು. ಬಡವನಾದ ಕಾರಣಕ್ಕೆ ಅವನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ನ್ಯೂಯಾರ್ಕಿನಲ್ಲಿಯೂ ಜಿನೀವಾದಲ್ಲಿಯೂ ಅಂಥ ಜಗುಲಿಯಿಲ್ಲ. ಸೇವೆಯ ಹೆಸರಿನಲ್ಲಿ ಅಲ್ಲಿ ಆಗುವುದು ಆಯ್ಕೆ. ಆಯ್ಕೆಯಾಗುವವರು ಉಳ್ಳವರ ಮಕ್ಕಳು. ಕೆಲವು ವರ್ಷಗಳಲ್ಲಿ ಆ ಮಕ್ಕಳೇ ಅಧಿಕಾರಿಗಳಾಗಿ, ಬಡವರಿಂದ ತುಂಬಿದ ಸೆರೆಮನೆಗಳಿಗೆ ನಿಯಮಗಳನ್ನು ಬರೆಯುವರು. ಅವರು ದುರ್ಜನರೆಂದಲ್ಲ. ಜಾಮೀನಿಗೆ ಹಣವಿಲ್ಲದೆ ತಿಂಗಳುಗಟ್ಟಲೆ ಒಳಗೆ ಕುಳಿತವನ ಮನೆಯು ಹೇಗಿರುವುದೆಂದು ಅವರಲ್ಲಿ ಎಷ್ಟು ಜನರು ಕಂಡಿದ್ದಾರು?

ಎಲ್ಲ ಸಂಸ್ಥೆಗಳೂ ಹೀಗೆಯೇ ಇಲ್ಲವೆಂಬುದನ್ನೂ ಹೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ತನ್ನ ಶಿಕ್ಷಾರ್ಥಿಗಳಿಗೆ ವೇತನವನ್ನು ಕೊಡುತ್ತ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಿಂದ ಕೊಡತೊಡಗಿತು. ಸಂಘದ ಸ್ವಯಂಸೇವಕ ವಿಭಾಗವು ತನ್ನವರಿಗೆ ಜೀವನಭತ್ಯವನ್ನು ಕೊಡುತ್ತದೆ. ಆದ್ದರಿಂದ ಸಾಧ್ಯವಿಲ್ಲವೆಂಬ ಸಬೂಬು ನಿಲ್ಲದು. ಹವರ್ಡನಿಗೆ ಸಿಗದ ಪೂರ್ವನಿದರ್ಶನವು ಇಲ್ಲಿ ಸಿದ್ಧವಾಗಿಯೇ ಇದೆ.

ಮನೆಯ ಬಾಗಿಲಿನ ಕೆಲಸ

ನಾವು ಆ ಕುಮಾರಿಗೆ ಕೊನೆಗೆ ಹೇಳಿದ್ದು ಇಷ್ಟು. “ತಾಯಿ, ಮನೆಯನ್ನು ಅಡವಿಡುವುದು ಬೇಡ. ಭತ್ಯವನ್ನು ಕೊಡುವ ಸಂಸ್ಥೆಗೆ ಮುಂದೆ ಅರ್ಜಿ ಹಾಕು. ಅಷ್ಟರವರೆಗೆ ಈ ಜಿಲ್ಲೆಯ ಸೆರೆಮನೆಯಿದೆ.” ಆಕೆಯ ಮುಖವು ಬಾಡಿದುದನ್ನು ಕಂಡೆವು. ದೊಡ್ಡ ಲೋಕವನ್ನು ಕೇಳಿದವಳಿಗೆ ಚಿಕ್ಕ ಊರನ್ನು ಕೊಟ್ಟೆವೆಂದು ನಮಗೂ ನೋವಾಗದಿರಲಿಲ್ಲ. ಆದರೂ ಆಕೆಯು ಹೋದಳು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಡೆಯಿಂದ ಅರೆಕಾಲಿಕ ಕಾನೂನು ಸ್ವಯಂಸೇವಕಿಯಾಗಿ ಸೇರಿ, ವಾರಕ್ಕೆ ಕೆಲವು ದಿನ ಸೆರೆಮನೆಯ ಕಾನೂನು ನೆರವಿನ ಕೋಣೆಯಲ್ಲಿ ಕುಳಿತಳು. ಮೊದಲನೆಯ ತಿಂಗಳು ಆಕೆಯು ಮಾಡಿದ್ದು ಪಟ್ಟಿ ಬರೆಯುವ ಕೆಲಸ: ಬಂದಿಯ ಹೆಸರು, ಬಂಧನದ ದಿನ, ಆಪಾದನೆಯ ಕಲಮು, ಮುಂದಿನ ವಾಯಿದೆ, ವಕೀಲರಿದ್ದಾರೆಯೇ ಇಲ್ಲವೇ. ಕಿನ್ಶಾಸಾದಿಂದ ಬಂದ ವರದಿಯಲ್ಲಿಯೂ ಇರುವುದು ಇವೇ ಅಂಕಣಗಳು.

ಆ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ಜಾಮೀನು ಮಂಜೂರೆಂದು ಬರೆದಿತ್ತು. ಮಂಜೂರಾಗಿ ಐದು ತಿಂಗಳಾಗಿತ್ತು. ಪಹಣಿಯನ್ನು ಹಿಡಿದು ಬಂದು ಅವನಿಗೆ ಜಾಮೀನು ನಿಲ್ಲುವವರು ಇರಲಿಲ್ಲ. ಜಾಮೀನು ಸಿಕ್ಕಿದೆಯೆಂಬ ವಿಷಯವೇ ಅವನ ತಾಯಿಗೆ ತಿಳಿದಿರಲಿಲ್ಲ. ಜಾಮೀನು ಮಂಜೂರಾಗಿ ಏಳು ದಿನಗಳಲ್ಲಿ ಬಂದಿಯು ಹೊರಬಾರದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿಯೇ ಸೂಚಿಸಿತ್ತು. ಬಡಬಂದಿಗಳ ಜಾಮೀನಿಗೆ 40,000 ರೂಪಾಯಿಗಳವರೆಗೆ ಸಹಾಯ ಮಾಡುವ ಕೇಂದ್ರ ಸರಕಾರದ ಯೋಜನೆಯೂ ಅದೇ ವರ್ಷ ಬಂದಿತ್ತು. ಆಜ್ಞೆಯಿತ್ತು, ಹಣವಿತ್ತು, ಈ ಒಂದು ಹೆಸರನ್ನು ಆ ಎರಡರೊಡನೆ ಜೋಡಿಸುವವರು ಇರಲಿಲ್ಲ. ಕುಮಾರಿಯು ಕಾಗದವನ್ನು ಬರೆದಳು, ಮೇಲಿನವರು ಸ್ಪಂದಿಸಿದರು, ನ್ಯಾಯಾಲಯವು ಷರತ್ತನ್ನು ಸಡಿಲಿಸಿತು. ಅವನು ಹೊರಗೆ ಬಂದ ದಿನ ಆಕೆಯ ತಂದೆಯು ನಮ್ಮ ಕಾರ್ಯಾಲಯಕ್ಕೆ ಬಂದು, ಏನನ್ನೂ ಹೆಚ್ಚು ಮಾತಾಡದೆ, ಒಂದು ಲೋಟ ಕಾಫಿಯನ್ನು ಕುಡಿದು ಹೋದರು.

1979ರ ಜನವರಿಯಲ್ಲಿ ಬಿಹಾರದ ವಿಚಾರಣಾಧೀನ ಬಂದಿಗಳನ್ನು ಕುರಿತು ಪೋಲೀಸ್ ಅಧಿಕಾರಿ ರುಸ್ತುಂಜೀಯವರು ಪತ್ರಿಕೆಯಲ್ಲಿ ಬರೆದ ಲೇಖನಗಳನ್ನು ಓದಿ, ವಕೀಲೆ ಕಪಿಲಾ ಹಿಂಗೋರಾಣಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುದರಿಂದ ಹುಸೇನಾರಾ ಖಾತೂನ್ ಪ್ರಕರಣವಾಯಿತು. ಶೀಘ್ರ ವಿಚಾರಣೆಯು ಪ್ರಜೆಯ ಹಕ್ಕೆಂದು ನಿಶ್ಚಿತವಾಯಿತು. ಅಲ್ಲಿ ಕೆಲವರು ತಮ್ಮ ಮೇಲೆ ಹೊರಿಸಿದ ಅಪರಾಧದ ಪರಮಾವಧಿ ಶಿಕ್ಷೆಗಿಂತ ಹೆಚ್ಚು ಕಾಲವನ್ನು ವಿಚಾರಣೆಯಿಲ್ಲದೆಯೇ ಕಳೆದಿದ್ದರು. ಆ ಮಹಾಕಾರ್ಯದ ಬುಡದಲ್ಲಿಯೂ ಇದ್ದುದು ಒಂದು ಪಟ್ಟಿಯೇ. ಈಗ 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯು, ಹಿಂದೆಂದೂ ಅಪರಾಧಿಯೆಂದು ತೀರ್ಮಾನವಾಗದವನು ಪರಮಾವಧಿ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ, ಮರಣದಂಡನೆ, ಜೀವಾವಧಿಯಂಥ ಘೋರಾಪರಾಧಗಳನ್ನು ಬಿಟ್ಟು, ಅವನನ್ನು ಬಾಂಡಿನ ಮೇಲೆ ಬಿಡಬೇಕೆನ್ನುತ್ತದೆ. ಯಾರು ಆ ಮೂರನೆಯ ಒಂದನ್ನು ಮುಟ್ಟಿದ್ದಾರೆಂದು ಪ್ರತಿ ಸೆರೆಮನೆಯಲ್ಲಿಯೂ ಲೆಕ್ಕ ಹಾಕುವವರು ಬೇಕಾಗಿದ್ದಾರೆ.

ನಮ್ಮ ಸೂಚನೆಗಳು

ಆದುದರಿಂದ ನಾಲ್ಕು ಮಾತುಗಳನ್ನು ಸಂಬಂಧಪಟ್ಟವರ ಮುಂದಿಡುತ್ತೇವೆ. ಒಂದನೆಯದಾಗಿ, ಶಾಂತಿಪಾಲನೆಗೆ ಇಷ್ಟು ಜನರನ್ನೂ ಇಷ್ಟು ಪ್ರಾಣಗಳನ್ನೂ ಕೊಟ್ಟ ಭಾರತ ಸರಕಾರವು, ಸಂಯುಕ್ತ ರಾಷ್ಟ್ರಸಂಘದ ಎಲ್ಲ ಅಂಗಗಳಲ್ಲಿಯೂ ಶಿಕ್ಷಾರ್ಥಿಗಳಿಗೆ ಜೀವನಭತ್ಯವನ್ನು ಕೊಡಬೇಕೆಂದು ಮಹಾಸಭೆಯಲ್ಲಿ ಹಟ ಹಿಡಿಯಬೇಕು. ಎರಡನೆಯದಾಗಿ, ಅದು ಕೈಗೂಡುವವರೆಗೆ ನಮ್ಮ ರಾಜ್ಯ ಸರಕಾರವೂ ವಿಶ್ವವಿದ್ಯಾನಿಲಯಗಳೂ ಸೇರಿ, ಪ್ರತಿ ವರ್ಷ ಹತ್ತು ಹನ್ನೆರಡು ಬಡ ವಿದ್ಯಾರ್ಥಿಗಳಿಗಾದರೂ ವೇತನವನ್ನಿತ್ತು ಈ ಕೆಲಸಕ್ಕೆ ಕಳುಹಿಸಬೇಕು. ಮೂರನೆಯದಾಗಿ, ಹೀಗೆ ಹೋಗುವವರು ಮೊದಲು ಆರು ತಿಂಗಳು ತಮ್ಮ ಜಿಲ್ಲೆಯ ಸೆರೆಮನೆಯಲ್ಲಿ ಕಾನೂನು ನೆರವಿನ ಕೆಲಸವನ್ನು ಮಾಡಿರಬೇಕು. ತನ್ನ ಊರಿನ ಬಂದಿಯನ್ನು ಕಾಣದವನು ಪರದೇಶದ ಬಂದಿಗೆ ಏನು ಹೇಳಬಲ್ಲನು? ನಾಲ್ಕನೆಯದಾಗಿ, ಆ ಜಿಲ್ಲೆಯ ಕೆಲಸಕ್ಕೂ ನ್ಯಾಯವಾದ ಗೌರವಧನವನ್ನು ಕೊಡಬೇಕು. ದೂರದವರ ಉಮೇದುವಾರಿಯನ್ನು ಖಂಡಿಸಿ, ನಮ್ಮ ಮನೆಯಲ್ಲಿಯೇ ಅದನ್ನು ಇಟ್ಟುಕೊಂಡರೆ ನಮ್ಮ ಮಾತಿಗೆ ಬೆಲೆಯಿಲ್ಲ. ನಮ್ಮ ಕಾರ್ಯಾಲಯದಲ್ಲಿ ಕೆಲಸ ಕಲಿಯಲು ಬರುವ ತರುಣರಿಗೂ ಇದುವರೆಗೆ ಬರಿಯ ಅನುಭವವನ್ನು ಕೊಟ್ಟು ಕಳುಹಿಸುತ್ತಿದ್ದೆವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಮುಂದಿನ ತಿಂಗಳಿನಿಂದ ಅವರ ಊಟ, ಬಸ್ಸಿನ ಖರ್ಚುಗಳನ್ನು ಪತ್ರಿಕೆಯೇ ವಹಿಸುವುದೆಂದು ನಿಶ್ಚಯಿಸಿದ್ದೇವೆ. ಅದು ಸಾಲದೆಂಬುದು ನಮಗೆ ತಿಳಿದಿದೆ.

ನಮ್ಮ ವಾಚಕರಲ್ಲಿ ಅಧಿಕಾರಿಗಳಿದ್ದಾರೆ, ವಕೀಲರಿದ್ದಾರೆ, ಉಳ್ಳವರಿದ್ದಾರೆ. ಸೆರೆಮನೆಗಳಿಗೆ ಅನಧಿಕಾರಿ ಸಂದರ್ಶಕರನ್ನು ನೇಮಿಸುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ಉಂಟು. ಆ ಸ್ಥಾನವನ್ನು ಗೌರವದ ಪದವಿಯೆಂದು ಮನೆಯಲ್ಲಿ ತೂಗುಹಾಕಿಕೊಂಡವರು ಈ ತಿಂಗಳಾದರೂ ಒಮ್ಮೆ ಒಳಗೆ ಹೋಗಿ, ಪಟ್ಟಿಯನ್ನು ತರಿಸಿಕೊಂಡು, ಜಾಮೀನು ದೊರೆತೂ ಒಳಗೇ ಇರುವವರು ಎಷ್ಟೆಂದು ಕೇಳಲಿ. ಉತ್ತರವನ್ನು ನಮಗೆ ಬರೆದು ತಿಳಿಸಿದರೆ, ಬಂದಿಗಳ ಹೆಸರುಗಳನ್ನು ಬಿಟ್ಟು, ಅಂಕೆಯನ್ನು ಈ ಅಂಕಣದಲ್ಲಿ ಸಂತೋಷದಿಂದ ಪ್ರಕಟಿಸುವೆವು.

ಆ ಕುಮಾರಿಯು ಭತ್ಯವನ್ನು ಕೊಡುವ ಸಂಸ್ಥೆಯೊಂದಕ್ಕೆ ಮತ್ತೆ ಅರ್ಜಿಯನ್ನು ಹಾಕಿದ್ದಾಳೆ. ಉತ್ತರವು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಆಕೆಯ ಪಟ್ಟಿಯು ಬೆಳೆಯುತ್ತಲಿದೆ.